ದ್ರಾಕ್ಷಿತೋಟದಲ್ಲಿ ದೇವರು ಹುಡುಕಿದ ಫಲ

ಪವಿತ್ರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದ್ರಾಕ್ಷಿತೋಟದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಇಸ್ರಯೇಲ್ ಜನಾಂಗವನ್ನು ಪ್ರವಾದಿಗಳು ದ್ರಾಕ್ಷಿತೋಟಕ್ಕೆ ಹೋಲಿಸಿದ್ದೇಕೆ? ಆ ತೋಟದಿಂದ ದೇವರು ಬಯಸಿದ ಫಲವಾದರೂ ಯಾವುದು?

ಜುದೇಯದ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆಸುವುದು ಸುಲಭವಾಗಿರಲಿಲ್ಲ. ಇಳಿಜಾರನ್ನು ಮೆಟ್ಟಿಲುಗಳಂತೆ ಸಮಮಾಡಿ, ಕಲ್ಲುಗಳನ್ನು ಆಯ್ದು, ಅವುಗಳಿಂದಲೇ ಸುತ್ತಲೂ ಗೋಡೆ ಕಟ್ಟಬೇಕಿತ್ತು. ಕಾವಲಿಗೆ ಗೋಪುರ, ರಸ ತೆಗೆಯಲು ಬಂಡೆಯಲ್ಲಿ ಕೊರೆದ ತೊಟ್ಟಿ ಬೇಕಿತ್ತು. ಯಾಜಕಕಾಂಡದ 19ನೇ ಅಧ್ಯಾಯದ ಪ್ರಕಾರ, ನೆಟ್ಟ ಹಣ್ಣಿನ ಮರದ ಮೊದಲ 3 ವರ್ಷಗಳ ಫಲವನ್ನು ತಿನ್ನುವಂತಿರಲಿಲ್ಲ. 4ನೇ ವರ್ಷದ ಫಲ ದೇವರಿಗೆ ಮೀಸಲು. 5ನೇ ವರ್ಷದಿಂದ ಮಾತ್ರ ಬೆಳೆದವನಿಗೆ. ಹೀಗಾಗಿ ದ್ರಾಕ್ಷಿತೋಟವೆಂದರೆ ಶ್ರಮ, ಪ್ರೀತಿ ಹಾಗೂ ತಾಳ್ಮೆಯ ಗುರುತು.

ಕ್ರಿ.ಪೂ. 8ನೇ ಶತಮಾನದ ಪ್ರವಾದಿ ಯೆಶಾಯ ತನ್ನ ಗ್ರಂಥದ 5ನೇ ಅಧ್ಯಾಯದಲ್ಲಿ ಇದನ್ನೇ ಹಾಡಾಗಿ ಹಾಡುತ್ತಾನೆ. ಗೆಳೆಯನೊಬ್ಬ ಇಷ್ಟೆಲ್ಲಾ ದುಡಿದರೂ ತೋಟದಲ್ಲಿ ಸಿಕ್ಕಿದ್ದು ಕೆಟ್ಟ ಹಣ್ಣು. ತಪ್ಪು ಯಾರದೆಂದು ತೀರ್ಪು ಕೊಡುವಂತೆ ಕೇಳುಗರನ್ನೇ ಕೇಳಲಾಗುತ್ತದೆ. ಬಳಿಕ ಪ್ರವಾದಿ, ಆ ತೋಟ ನೀವೇ ಎನ್ನುತ್ತಾನೆ.

ಇಲ್ಲಿ ಹಿಬ್ರೂ ಭಾಷೆಯ ಪದಚಮತ್ಕಾರವೊಂದಿದೆ. ದೇವರು ಬಯಸಿದ್ದು 'ಮಿಷ್ಪಾತ್', ಅಂದರೆ ನ್ಯಾಯ. ಸಿಕ್ಕಿದ್ದು 'ಮಿಸ್ಪಾಖ್', ಅಂದರೆ ರಕ್ತಪಾತ. ಬಯಸಿದ್ದು 'ಚೆದಾಕಾ', ಅಂದರೆ ಧರ್ಮ. ಸಿಕ್ಕಿದ್ದು 'ಚೆಆಕಾ', ಅಂದರೆ ನೊಂದವರ ಗೋಳು. ಕಿವಿಗೆ ಎರಡೂ ಒಂದೇ ರೀತಿ, ಬದುಕಿನಲ್ಲಿ ತದ್ವಿರುದ್ಧ! ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರಿಗೆ ಎಚ್ಚರಿಕೆ ಬರುವುದು ಇದಾದ ತಕ್ಷಣವೇ. 3ನೇ ಅಧ್ಯಾಯದಲ್ಲಂತೂ, ತೋಟವನ್ನು ತಿಂದುಹಾಕಿದವರು ಜನರ ಹಿರಿಯರೂ ನಾಯಕರೂ ಎಂಬ ನೇರ ಆರೋಪವಿದೆ.

ಇದಕ್ಕೆ ಜೀವಂತ ಉದಾಹರಣೆ ನಾಬೋತನ ಕಥೆ. ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಕೊಡಲೊಲ್ಲದ ಆತನ ಮೇಲೆ ಸುಳ್ಳುಸಾಕ್ಷಿ ಹೇಳಿಸಿ ಕಲ್ಲೆಸೆದು ಕೊಲ್ಲಲಾಯಿತು. ಅರಸ ಅಹಾಬ ತೋಟವನ್ನು ವಶಪಡಿಸಿಕೊಳ್ಳಲು ಹೋದ. ಅಲ್ಲೇ ಪ್ರವಾದಿ ಎಲೀಯ ಅವನನ್ನು ಎದುರಿಸಿದ. ಆದರೆ ಧರ್ಮಶಾಸ್ತ್ರ ಕಲಿಸಿದ್ದು ಬೇರೆಯೇ: ಸುಗ್ಗಿಯಲ್ಲಿ ಉದುರಿದ ಹಣ್ಣನ್ನು ಆಯ್ದುಕೊಳ್ಳದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು.

ಆದರೂ ದೇವರು ತೋಟವನ್ನು ಕೈಬಿಡುವುದಿಲ್ಲ. ಯೆಶಾಯನ 27ನೇ ಅಧ್ಯಾಯದಲ್ಲಿ ಅವರೇ ಹಗಲಿರುಳು ಅದನ್ನು ಕಾಯುತ್ತಾರೆ, ನೀರೆರೆಯುತ್ತಾರೆ.

ಯೇಸುಸ್ವಾಮಿ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಇದೇ ಬೇಲಿ, ತೊಟ್ಟಿ, ಗೋಪುರಗಳನ್ನು ನೆನಪಿಸುತ್ತಾರೆ. ಆದರೆ ಅಲ್ಲಿ ತಪ್ಪು ತೋಟದ್ದಲ್ಲ, ಫಲವನ್ನು ಒಡೆಯನಿಗೆ ಕೊಡಲೊಪ್ಪದ ಗೇಣಿದಾರರದ್ದು. ಧರ್ಮಸಭೆಯಲ್ಲಿ ಸೇವೆ ಮಾಡುವ ನಾವೂ ಗೇಣಿದಾರರೇ ಹೊರತು ಒಡೆಯರಲ್ಲ. ನಮ್ಮ ಧರ್ಮಕೇಂದ್ರದಲ್ಲಿ ದೇವರು ಹುಡುಕುವುದು ಕಾರ್ಯಕ್ರಮಗಳ ಸಂಖ್ಯೆಯನ್ನಲ್ಲ; ಬಡವರಿಗೆ ಸಿಕ್ಕಿದ ನ್ಯಾಯವನ್ನು.