ಎರೆನೆಲದ ಹೊಂಡದಲ್ಲಿ ಗೆಂಡೆಮರಿ

ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ: ಇವುಗಳಲ್ಲಿ ಯಾವ ಮೀನಿಗೂ ಜಠರವಿಲ್ಲ. ತಿಂದದ್ದು ಗಂಟಲಿನಿಂದ ನೇರ ಕರುಳಿಗೆ ಇಳಿಯುತ್ತದೆ. ಮೇವನ್ನು ಕೂಡಿಟ್ಟುಕೊಳ್ಳಲು ಒಳಗೆ ಜಾಗವಿಲ್ಲದ ಕಾರಣ ಒಮ್ಮೆಗೇ ಸುರಿದ ಹಿಂಡಿಯಲ್ಲಿ ಬಹುಪಾಲು ತಳದ ಕೆಸರು ಸೇರುತ್ತದೆ. ಮರಿ ಸಾಕಣೆಯಲ್ಲಿ ಮೇವಿನ ಲೆಕ್ಕವನ್ನೂ ನೀರಿನ ಲೆಕ್ಕವನ್ನೂ ಬೇರೆ ಮಾಡಲಾಗದಿರುವುದು ಇದರಿಂದಲೇ.

1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಮರಿಗಳನ್ನು ನದಿಯಿಂದ ಹಿಡಿದು ತರಬೇಕಿತ್ತು, ಜೊತೆಗೆ ಬೇಡದ ಜಾತಿಗಳೂ ಬರುತ್ತಿದ್ದವು. ಈಗ ಬೇಕಾದ ಮರಿ ಸಿಗುತ್ತದೆ, ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳ ಕೃಷಿ ಹೊಂಡಗಳಲ್ಲಿ ನೀರು ಕೆಲವೇ ತಿಂಗಳು ನಿಲ್ಲುತ್ತದೆ. ಮಾರಾಟದ ಗಾತ್ರದ ಮೀನಿಗೆ ಆ ಅವಧಿ ಸಾಲದು, ಮರಿ ಬೆಳೆಸಲು ಧಾರಾಳವಾಯಿತು.

ಮೊಟ್ಟೆಯೊಡೆದು ಮೂರು ದಿನವಾದ ಮರಿಯ ಉದ್ದ 6ರಿಂದ 8 ಮಿ.ಮೀ. ಅದರ ಸಹಜ ಆಹಾರ ನೀರಿನ ಸೂಕ್ಷ್ಮ ಪ್ರಾಣಿಗಳು. ಹೀಗಾಗಿ ಮರಿ ಬಿಡುವ ಮೊದಲೇ ಸಗಣಿ ಗೊಬ್ಬರ ಹಾಕಿ ಅವನ್ನು ಬೆಳೆಸಿರಬೇಕು. ಜೊತೆಗೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಭಾಗ ಬೆರೆಸಿ, ನುಣ್ಣಗೆ ಪುಡಿಮಾಡಿ, ಒಂದು ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಮುಂದೆ 1,200 ಗ್ರಾಂ ಕೊಡುವುದು ರೂಢಿ. ಇದನ್ನು ಎರಡು ಕಂತಿಗಿಂತ ನಾಲ್ಕು ಕಂತಿನಲ್ಲಿ ಎರಚುವುದು ಮೇಲು. ಹದಿನೈದಿಪ್ಪತ್ತು ದಿನಗಳಲ್ಲಿ ಮರಿ ಸುಮಾರು 25 ಮಿ.ಮೀ. ಆಗುತ್ತದೆ.

ಉಳಿದ ಹಿಂಡಿ ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಎರೆನೆಲದಲ್ಲಿ ಅಪಾಯ ಹೆಚ್ಚುವುದು ಇಲ್ಲಿಯೇ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚುಕಡಿಮೆ ನಿರಪಾಯಕರ, ಇನ್ನೊಂದು ಕಿವಿರನ್ನು ಸುಡುವಂಥದು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8ಕ್ಕೆ ಅದು ಶೇ. 5, ಪಿಎಚ್ 9ಕ್ಕೆ ಶೇ. 36. ಎರೆಮಣ್ಣು ಮೊದಲೇ ಕ್ಷಾರೀಯ. ಅದರ ಮೇಲೆ ಪಾಚಿ ದಟ್ಟವಾದರೆ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ಚನ್ನು ಇನ್ನೂ ಏರಿಸುತ್ತದೆ. ಬೆಳಿಗ್ಗೆ ಮರಿಗಳು ಸಹಿಸಿದ ಅದೇ ಅಮೋನಿಯಾ ಸಂಜೆ ಹೊತ್ತಿಗೆ ಅವನ್ನು ಕೊಲ್ಲಬಹುದು. ಇಂಥ ಹೊಂಡಕ್ಕೆ ವಾಡಿಕೆಯೆಂದು ಸುಣ್ಣ ಹಾಕುವುದು ದೊಡ್ಡ ತಪ್ಪು. ಸುಣ್ಣ ಬೇಕಾಗುವುದು ಹುಳಿ ಗುಣದ ಕೆಂಪು ಮಣ್ಣಿಗೆ, ಕಲಘಟಗಿ ಕಡೆಯ ಕೆರೆಗಳಲ್ಲಿ ಮಣ್ಣು ಪರೀಕ್ಷಿಸಿ ಹಾಕುವ ಮಾತು ಬೇರೆ. ಎರೆಯ ಜೇಡಿ ತಿಳಿಯಾಗದೆ ನೀರು ಕದಡಿಯೇ ಇದ್ದರೆ ಜಿಪ್ಸಂ ಹಾಕಬಹುದು. ಅದರ ಕ್ಯಾಲ್ಸಿಯಂ ಜೇಡಿ ಕಣಗಳನ್ನು ಒಟ್ಟುಗೂಡಿಸಿ ಕೆಳಗಿಳಿಸುತ್ತದೆ, ಸುಣ್ಣದಂತೆ ಪಿಎಚ್ ಏರಿಸುವುದಿಲ್ಲ.

ರಾತ್ರಿಯ ತೊಂದರೆ ಆಮ್ಲಜನಕದ್ದು. ಹಗಲು ಅದನ್ನು ಕೊಟ್ಟ ಪಾಚಿಯೇ ಕತ್ತಲಲ್ಲಿ ಉಸಿರಾಡಿ ಖರ್ಚು ಮಾಡುತ್ತದೆ. ಲೀಟರಿಗೆ 5 ಮಿ.ಗ್ರಾಂ ಇರಬೇಕಾದದ್ದು ನಸುಕಿನಲ್ಲಿ ತೀರ ಕೆಳಗಿಳಿದರೆ ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಆ ದಿನ ಹಿಂಡಿ ಹಾಕದೆ, ಕೊಡದಿಂದಲೋ ಪಂಪಿನಿಂದಲೋ ನೀರನ್ನು ಎತ್ತರದಿಂದ ಸುರಿಯಬೇಕು. ಮೋಡ ಮುಸುಕಿದ ದಿನಗಳಲ್ಲೂ ಮೇವು ಕಡಿಮೆಯಿರಲಿ. ಪಾಚಿಯ ಹಸಿರು ಅಳೆಯಲು ತೋಳೇ ಸಾಕು: ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಕಾಣದಿದ್ದರೆ ಸಗಣಿ, ಹಿಂಡಿ ಎರಡನ್ನೂ ನಿಲ್ಲಿಸಬೇಕು.

ಮರಿಗಳನ್ನು ಬೇರೆ ಕೆರೆಗೆ ಸಾಗಿಸುವ ಹಿಂದಿನ ದಿನವೂ ಮೇವು ಇಲ್ಲ. ಕರುಳು ಖಾಲಿಯಿದ್ದರೆ ಆಮ್ಲಜನಕ ತುಂಬಿದ ಚೀಲದ ನೀರು ದಾರಿಯಲ್ಲಿ ಕೆಡುವುದಿಲ್ಲ. ಮುಟ್ಟಿದ ಮೇಲೆ ಚೀಲವನ್ನು ಹದಿನೈದಿಪ್ಪತ್ತು ನಿಮಿಷ ಕೆರೆಯಲ್ಲಿ ತೇಲಿಬಿಟ್ಟು, ಒಳಗಿನ ಉಷ್ಣತೆ ಹೊರಗಿನದಕ್ಕೆ ಸಮನಾದ ಬಳಿಕ ಬಾಯಿ ಬಿಚ್ಚಲಾಗುತ್ತದೆ.