ಅಗ್ಗದ ಲ್ಯಾಪ್‌ಟಾಪು, ಮುಗ್ಗಿದ ಜೋಳ!

ಪೇಟೆ ಬೀದಿಯ ಕಿರಾಣಿ ಅಂಗಡಿ ಯಜಮಾನರು ಮಗಳ ಬಿ.ಕಾಂ. ಓದಿಗೆಂದು ದುಡ್ಡು ಹೊಂದಿಸಿಕೊಂಡು ಬೆಳಗಿನ ಬಸ್ಸಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಫಳಫಳ, ರೇಟೂ ಕಡಿಮೆ. ದುಡ್ಡು ತೆಗೆದೇಬಿಟ್ಟರು. ಅಷ್ಟರಲ್ಲಿ ಮಗಳು ಪ್ರೊಸೆಸರ್ ನಂಬರ್ ಓದಿದಳು: ಐ5-7200ಯು. “ಬೇಡಪ್ಪಾ, ಇದು 7ನೇ ಜನರೇಷನ್!”

ಕಾರಣ ಇಷ್ಟೆ. ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಕಂಪೆನಿ ಒಪ್ಪುವುದು, ಇಂಟೆಲ್ ಆದರೆ, ಒಂದೆರಡು ಬಿಟ್ಟು 8ನೇ ಜನರೇಷನ್‌ನಿಂದ ಈಚಿನದ್ದನ್ನೇ.

ಅಪ್ಪ-ಮಗಳು ಕೊನೆಗೆ ಆರಿಸಿದ್ದು ಐ5-8250ಯು, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ. ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ಬ್ಯಾಟರಿ ನೋಡಿದರು. ಗ್ಯಾರಂಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಂಡರು. ಬಾಯಿಮಾತಿನ ಗ್ಯಾರಂಟಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ತನಕ ಅಷ್ಟೆ!