ರಕ್ಷಣಾ ಪಿಂಚಣಿ: ಹಣದಷ್ಟೇ ಮುಖ್ಯವಾದ ಮಾಹಿತಿ

ಸೈನ್ಯದಿಂದ ನಿವೃತ್ತರಾದ ಯೋಧರಿಗೂ ಸರ್ಕಾರಕ್ಕೂ ನಡುವೆ ಉಳಿಯುವ ನಂಟು ಬಹುಮಟ್ಟಿಗೆ ಪತ್ರವ್ಯವಹಾರದ ನಂಟು. ಸಮವಸ್ತ್ರ ಕಳಚಿದ ಬಳಿಕ ಪ್ರತಿ ತಿಂಗಳೂ ಪಿಂಚಣಿ ಬರುತ್ತದೆ. ಆಗಾಗ ಒಂದು ಸುತ್ತೋಲೆಯೋ ಸಂದೇಶವೋ ಬರುತ್ತದೆ. ಆ ಸಂದೇಶ ತಲುಪದಿದ್ದರೆ, ಅಥವಾ ತಲುಪಿಯೂ ಅರ್ಥವಾಗದಿದ್ದರೆ, ಪಿಂಚಣಿಯೇ ನಿಂತುಹೋಗುವ ಸಂಭವವುಂಟು. ಮುಂಬಯಿ, ಪುಣೆ, ಸಿಕಂದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಿವೃತ್ತ ಯೋಧರೂ, ಅಗಲಿದ ಯೋಧರ ಪತ್ನಿಯರೂ, ರಕ್ಷಣಾ ಇಲಾಖೆಯ ನಾಗರಿಕ ಹುದ್ದೆಗಳಿಂದ ನಿವೃತ್ತರಾದವರೂ ಇದ್ದಾರೆ. ಊರಿನಿಂದ ಮಕ್ಕಳ ಮನೆಗೆ ಬಂದು ನೆಲೆಸಿದ ಕೊಡಗು, ಬೆಳಗಾವಿ ಕಡೆಯ ಹಿರಿಯರೂ ಇದ್ದಾರೆ. ಇವರೆಲ್ಲರ ಪಿಂಚಣಿಯ ವ್ಯವಸ್ಥೆ ಕಳೆದ ಕೆಲವು ವರ್ಷಗಳಲ್ಲಿ ಬುಡಸಹಿತ ಬದಲಾಗಿರುವುದರಿಂದ, ಆ ಬದಲಾವಣೆಯನ್ನೂ ಅದರಲ್ಲಿ ಸಂವಹನದ ಕೊರತೆಯಿಂದ ಉಂಟಾದ ತೊಡಕುಗಳನ್ನೂ ಇಲ್ಲಿ ವಿವರಿಸಲಾಗಿದೆ.

ಯಾವ ಬಾಗಿಲು ಯಾವುದಕ್ಕೆ?

ಮಾಜಿ ಸೈನಿಕರಿಗೆ ಸಂಬಂಧಿಸಿದ ಕೆಲಸ ಒಂದೇ ಕಚೇರಿಯಲ್ಲಿ ನಡೆಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಪಿಂಚಣಿಯ ನೀತಿ ನಿಯಮಗಳನ್ನು ರೂಪಿಸುವುದು ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆ. ಇದು 2004ರಲ್ಲಿ ಸ್ಥಾಪನೆಯಾಯಿತು. ಪಿಂಚಣಿಯನ್ನು ಮಂಜೂರು ಮಾಡಿ ಪಾವತಿಸುವುದು ರಕ್ಷಣಾ ಲೆಕ್ಕಪತ್ರ ಇಲಾಖೆ. ಯೋಧರ ಸೇವಾ ದಾಖಲೆ, ವಿವಾಹ, ಮಕ್ಕಳ ಜನನ ಮುಂತಾದ ವಿವರಗಳು ಇರುವುದು ಆಯಾ ರೆಜಿಮೆಂಟಿಗೆ ಅಥವಾ ದಳಕ್ಕೆ ಸೇರಿದ ದಾಖಲೆ ಕಚೇರಿಯಲ್ಲಿ. ವೈದ್ಯಕೀಯ ಸೌಲಭ್ಯ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆಯದು. ಇನ್ನು ಜಿಲ್ಲಾ ಸೈನಿಕ ಮಂಡಳಿ ರಾಜ್ಯ ಸರ್ಕಾರದ ಆಡಳಿತಕ್ಕೆ ಒಳಪಟ್ಟದ್ದು.

ಹೀಗೆ ಐದು ಬಾಗಿಲುಗಳಿರುವಾಗ, ಯಾವ ಕೆಲಸಕ್ಕೆ ಯಾವುದನ್ನು ತಟ್ಟಬೇಕೆಂಬುದು ಸುಶಿಕ್ಷಿತರಿಗೂ ಸುಲಭವಾಗಿ ತಿಳಿಯುವುದಿಲ್ಲ. ಪತ್ನಿಯ ಹೆಸರಿನ ಅಕ್ಷರದೋಷವನ್ನು ಸರಿಪಡಿಸಲು ಬ್ಯಾಂಕಿಗೆ ಹೋದವರು ಅಲ್ಲಿಂದ ದಾಖಲೆ ಕಚೇರಿಗೆ ಬರೆಯಬೇಕಾಗುತ್ತದೆ. ಪಿಂಚಣಿಯ ಮೊತ್ತದ ಬಗ್ಗೆ ಸೈನಿಕ ಮಂಡಳಿಯನ್ನು ಕೇಳಿದವರಿಗೆ ಪ್ರಯಾಗರಾಜದ ವಿಳಾಸ ಸಿಗುತ್ತದೆ.

‘ಸ್ಪರ್ಶ್’ ಬಂದ ಬಗೆ

ಹಿಂದೆ ಭೂಸೇನೆಯವರ ಪಿಂಚಣಿಯನ್ನು ಅಲಹಾಬಾದಿನ, ಅಂದರೆ ಇಂದಿನ ಪ್ರಯಾಗರಾಜದ, ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ ಕಚೇರಿ ಮಂಜೂರು ಮಾಡುತ್ತಿತ್ತು. ನೌಕಾಪಡೆಯವರದು ಮುಂಬಯಿಯಲ್ಲಿ, ವಾಯುಪಡೆಯವರದು ದೆಹಲಿಯಲ್ಲಿ ಮಂಜೂರಾಗುತ್ತಿತ್ತು. ಹಣವನ್ನು ಕೈಗಿಡುತ್ತಿದ್ದವರು ಬ್ಯಾಂಕುಗಳು, ರಕ್ಷಣಾ ಪಿಂಚಣಿ ವಿತರಣಾ ಕಚೇರಿಗಳು ಮುಂತಾದವರು. ಮಂಜೂರು ಮಾಡುವವರು ಒಬ್ಬರು, ಕೊಡುವವರು ಇನ್ನೊಬ್ಬರು ಆಗಿದ್ದರಿಂದ, ಪಿಂಚಣಿ ಪರಿಷ್ಕರಣೆಯಾದಾಗಲೆಲ್ಲ ಲೆಕ್ಕ ತಪ್ಪುವುದಕ್ಕೂ ಬಾಕಿ ಉಳಿಯುವುದಕ್ಕೂ ಅವಕಾಶವಿತ್ತು.

ಇದನ್ನು ನಿವಾರಿಸಲು 2017-18ರ ಕೇಂದ್ರ ಮುಂಗಡಪತ್ರದ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ರಕ್ಷಣಾ ಪಿಂಚಣಿದಾರರಿಗಾಗಿ ಅಂತರಜಾಲ ಆಧಾರಿತ ಕೇಂದ್ರೀಕೃತ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಅದೇ ಮುಂದೆ ‘ಸ್ಪರ್ಶ್’ ಎಂಬ ಹೆಸರಿನಲ್ಲಿ ರೂಪುಗೊಂಡಿತು. ಇದರಲ್ಲಿ ಮಂಜೂರಾತಿಯಿಂದ ಪಾವತಿಯವರೆಗಿನ ಕೆಲಸವೆಲ್ಲ ರಕ್ಷಣಾ ಲೆಕ್ಕಪತ್ರ ಇಲಾಖೆಯ ಕೈಯಲ್ಲೇ ನಡೆದು, ಹಣ ನೇರವಾಗಿ ಪಿಂಚಣಿದಾರರ ಖಾತೆಗೆ ಜಮೆಯಾಗುತ್ತದೆ. ಬ್ಯಾಂಕು ಇಲ್ಲಿ ಖಾತೆ ಇರುವ ಸ್ಥಳ ಮಾತ್ರ. ಪಿಂಚಣಿಯ ಲೆಕ್ಕ ಅದರದಲ್ಲ. ಹೊಸದಾಗಿ ನಿವೃತ್ತರಾಗುವವರ ಜೊತೆಗೆ ಹಳೆಯ ಪಿಂಚಣಿದಾರರ ಖಾತೆಗಳನ್ನೂ ಹಂತಹಂತವಾಗಿ ಇದಕ್ಕೆ ವರ್ಗಾಯಿಸಲಾಯಿತು. ಮೂವತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಒಂದೇ ವ್ಯವಸ್ಥೆಯಡಿ ತಂದ ಈ ಕಾರ್ಯ ಸಣ್ಣದಲ್ಲ. ಉದ್ದೇಶವೂ ಸರಿಯಾದುದೇ ಆಗಿತ್ತು.

2022ರ ಏಪ್ರಿಲ್ ತಿಂಗಳ ಪಾಠ

ಆದರೆ ವ್ಯವಸ್ಥೆಯನ್ನು ಬದಲಿಸುವುದು ಒಂದು ಕೆಲಸ, ಬದಲಾದುದನ್ನು ಜನರಿಗೆ ಮನದಟ್ಟು ಮಾಡುವುದು ಇನ್ನೊಂದು ಕೆಲಸ. 2022ರ ಏಪ್ರಿಲ್ ತಿಂಗಳ ಪಿಂಚಣಿ ಆ ತಿಂಗಳ ಕೊನೆಯೊಳಗೆ 58,275 ಮಂದಿಗೆ ಜಮೆಯಾಗಲಿಲ್ಲ. ಅವರ ವಾರ್ಷಿಕ ಗುರುತಿನ ದೃಢೀಕರಣ, ಅಂದರೆ ಜೀವಂತ ಪ್ರಮಾಣಪತ್ರದ ವಿವರ, ಹೊಸ ವ್ಯವಸ್ಥೆಯಲ್ಲಿ ದಾಖಲಾಗಿರಲಿಲ್ಲ ಎಂಬುದು ಅದಕ್ಕೆ ಕಾರಣ. ಬ್ಯಾಂಕುಗಳಿಂದ ತಿಂಗಳ ಕೊನೆಯೊಳಗೆ ಖಚಿತ ಮಾಹಿತಿ ಬರಲಿಲ್ಲವೆಂದು ಸಚಿವಾಲಯ ತಿಳಿಸಿತು. ಮೇ ತಿಂಗಳ ಆರಂಭದಲ್ಲಿ ಅವರಿಗೆಲ್ಲ ವಿಶೇಷ ವಿನಾಯಿತಿ ನೀಡಿ ಹಣ ಬಿಡುಗಡೆ ಮಾಡಲಾಯಿತು; ದೃಢೀಕರಣಕ್ಕೆ ಮೇ 25ರವರೆಗೆ ಕಾಲಾವಕಾಶ ಕೊಡಲಾಯಿತು.

ಕೆಲವೇ ದಿನಗಳಲ್ಲಿ ಸರಿಹೋಯಿತಲ್ಲ ಎಂದು ಹೇಳಬಹುದು. ಆದರೆ ಪಿಂಚಣಿಯೊಂದನ್ನೇ ನಂಬಿದ ಮನೆಯಲ್ಲಿ ತಿಂಗಳ ಮೊದಲ ವಾರವೆಂದರೆ ಬಾಡಿಗೆ, ಔಷಧಿ, ದಿನಸಿಗಳ ವಾರ. ಹಣ ಬಾರದಿರುವುದಕ್ಕಿಂತ ಹೆಚ್ಚಾಗಿ, ಏಕೆ ಬರಲಿಲ್ಲ ಎಂಬುದು ತಿಳಿಯದಿರುವುದೇ ವೃದ್ಧರನ್ನು ಕಂಗೆಡಿಸುತ್ತದೆ.

ಈ ಘಟನೆಯ ಮೂಲದಲ್ಲಿ ಇದ್ದುದು ಮಾಹಿತಿಯ ಸರಪಳಿ. ಹಳೆಯ ಪದ್ಧತಿಯಲ್ಲಿ ಜೀವಂತ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟರೆ ಮುಗಿಯುತ್ತಿತ್ತು, ಏಕೆಂದರೆ ಹಣ ಕೊಡುವವರೂ ಬ್ಯಾಂಕಿನವರೇ. ಖಾತೆ ಹೊಸ ವ್ಯವಸ್ಥೆಗೆ ವರ್ಗವಾದ ಮೇಲೆ ಆ ಮಾಹಿತಿ ಪ್ರಯಾಗರಾಜಕ್ಕೆ ತಲುಪಲೇಬೇಕು. ಬ್ಯಾಂಕು, ಇಲಾಖೆ, ಪಿಂಚಣಿದಾರ ಈ ಮೂರು ಕೊಂಡಿಗಳಲ್ಲಿ ಯಾವುದೊಂದು ಸಡಿಲವಾದರೂ ತೊಂದರೆ ಅನುಭವಿಸುವವನು ಕೊನೆಯ ಕೊಂಡಿಯಾದ ಪಿಂಚಣಿದಾರನೇ.

ಪತ್ರವೊಂದು ನ್ಯಾಯಾಲಯಕ್ಕೆ ಹೋದ ಪ್ರಸಂಗ

ಸಂವಹನದ ಮಹತ್ವವನ್ನು ತೋರುವ ಮತ್ತೊಂದು ಪ್ರಸಂಗ ‘ಒಂದು ಶ್ರೇಣಿ, ಒಂದು ಪಿಂಚಣಿ’ ಯೋಜನೆಯದು. 2015ರ ನವೆಂಬರಿನಲ್ಲಿ ಆದೇಶ ಹೊರಟ ಈ ಯೋಜನೆಯನ್ನು 2014ರ ಜುಲೈ 1ರಿಂದ ಅನ್ವಯಿಸಲಾಗಿತ್ತು. ಅದರ ಪರಿಷ್ಕರಣೆಯ ಬಾಕಿಯನ್ನು 2023ರ ಮಾರ್ಚ್ 15ರೊಳಗೆ ಪಾವತಿಸಲು ಸರ್ವೋಚ್ಚ ನ್ಯಾಯಾಲಯ ಕಾಲಾವಕಾಶ ಕೊಟ್ಟಿದ್ದಾಗ, ಸಚಿವಾಲಯವು ಜನವರಿ 20ರಂದು, ಬಾಕಿಯನ್ನು ನಾಲ್ಕು ಕಂತುಗಳಲ್ಲಿ ಕೊಡುವುದಾಗಿ ಪತ್ರ ಹೊರಡಿಸಿತು. ನ್ಯಾಯಾಲಯ ಇದನ್ನು ತೀವ್ರವಾಗಿ ಆಕ್ಷೇಪಿಸಿತು. ಕೊನೆಗೆ 2023ರ ಮಾರ್ಚ್ 20ರಂದು ವೇಳಾಪಟ್ಟಿಯೊಂದು ನಿಗದಿಯಾಯಿತು: ಕುಟುಂಬ ಪಿಂಚಣಿದಾರರಿಗೂ ಶೌರ್ಯ ಪ್ರಶಸ್ತಿ ಪಡೆದವರಿಗೂ ಏಪ್ರಿಲ್ 30ರೊಳಗೆ, 70 ವರ್ಷ ಮೀರಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ 2024ರ ಫೆಬ್ರವರಿ ಅಂತ್ಯದೊಳಗೆ ಮೂರು ಕಂತುಗಳಲ್ಲಿ.

ಈ ವೇಳಾಪಟ್ಟಿಯಲ್ಲಿ ಯಾರಿಗೆ, ಎಷ್ಟರೊಳಗೆ ಎಂಬ ಎರಡು ಪ್ರಶ್ನೆಗಳಿಗೂ ನೇರ ಉತ್ತರವಿತ್ತು. ಸರ್ಕಾರದ ಪ್ರತಿಯೊಂದು ಸುತ್ತೋಲೆಯಿಂದಲೂ ಜನ ನಿರೀಕ್ಷಿಸುವುದು ಇಷ್ಟನ್ನೇ.

ನೌಕರರಿಗೂ ತಿಳಿಯಬೇಕು

ಮಾಹಿತಿ ಪಿಂಚಣಿದಾರರಿಗೆ ತಲುಪಬೇಕಾದರೆ ಅದು ಮೊದಲು ಮೇಜಿನ ಆಚೆಗೆ ಕುಳಿತ ನೌಕರರಿಗೆ ತಲುಪಿರಬೇಕು. ಬ್ಯಾಂಕಿನ ಗುಮಾಸ್ತರು, ಸಾಮಾನ್ಯ ಸೇವಾ ಕೇಂದ್ರದ ನಿರ್ವಾಹಕರು, ದಾಖಲೆ ಕಚೇರಿಯ ಸಿಬ್ಬಂದಿ ಇವರಿಗೆ ಹೊಸ ನಿಯಮ ಗೊತ್ತಿಲ್ಲದಿದ್ದರೆ ಅವರು ಹಳೆಯ ಉತ್ತರವನ್ನೇ ಕೊಡುತ್ತಾರೆ. ಅದು ಅವರ ಉದಾಸೀನವೆಂದು ದೂರುವುದು ಸುಲಭ. ಆದರೆ ತಿಳಿಸದೇ ಇದ್ದುದನ್ನು ಯಾರೂ ತಿಳಿಸಲಾರರು. ಹಾಗೆಯೇ, ದಿನವೂ ಪಿಂಚಣಿದಾರರ ಮುಖ ನೋಡುವ ಈ ನೌಕರರಿಗೆ ಯಾವ ಅರ್ಜಿ ಗೊಂದಲಕರ, ಯಾವ ನಿಯಮ ತೊಡಕಿನದು ಎಂಬುದು ಮೇಲಿನವರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಅವರ ಮಾತು ಮೇಲಕ್ಕೆ ಹೋಗುವ ದಾರಿಯೂ ಇರಬೇಕು.

ಆ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿನ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಫೀನಿಕ್ಸ್ ಆಸ್ಪತ್ರೆಯಲ್ಲಿ ರೋಗಿಗಳ ಕಾಯುವ ಅವಧಿಯನ್ನು ಮರೆಮಾಚಲಾಗುತ್ತಿದೆ ಎಂಬುದು 2014ರಲ್ಲಿ ಬಯಲಾಯಿತು. ಗುರಿ ತಲುಪಿದಂತೆ ಕಾಣಿಸುವ ಒತ್ತಡದಲ್ಲಿ ಅಂಕಿಗಳನ್ನು ತಿದ್ದಲಾಗಿತ್ತು. ಸತ್ಯ ಹೇಳಿದ ನೌಕರರು ಕಿರುಕುಳ ಎದುರಿಸಿದರು. ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ ಅದೇ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ರಾಬರ್ಟ್ ಮ್ಯಾಕ್‌ಡೊನಾಲ್ಡ್ ಪತ್ರಿಕಾಗೋಷ್ಠಿಯಲ್ಲಿ ತಮ್ಮ ಮೊಬೈಲ್ ಸಂಖ್ಯೆಯನ್ನೇ ಬಹಿರಂಗವಾಗಿ ಕೊಟ್ಟರು. ಒಬ್ಬ ಸಚಿವರ ದೂರವಾಣಿಯಿಂದ ವ್ಯವಸ್ಥೆ ಸರಿಹೋಗುವುದಿಲ್ಲ, ನಿಜ. ಆದರೆ ಕೇಳಲು ಸಿದ್ಧ ಎಂಬ ಸಂದೇಶ ಅದರಲ್ಲಿತ್ತು. ಮುಂದೆ 2018ರ ನವೆಂಬರಿನಲ್ಲಿ ಆ ಇಲಾಖೆ ತನ್ನ ಮುಖ್ಯ ಜಾಲತಾಣವನ್ನು ಮಾಜಿ ಸೈನಿಕರಿಗೆ ಬೇಕಾದ ಕೆಲಸಗಳ ಕ್ರಮದಲ್ಲಿ ಮರುರೂಪಿಸಿತು. ಸರ್ಕಾರದ ಬರವಣಿಗೆ ಜನರಿಗೆ ಅರ್ಥವಾಗುವಂತಿರಬೇಕೆಂಬ ಕಾಯಿದೆ ಆ ದೇಶದಲ್ಲಿ 2010ರಿಂದಲೇ ಇದೆ.

ಆಗಬೇಕಾದದ್ದೇನು?

ನಮ್ಮಲ್ಲಿಯೂ ಸುಧಾರಣೆಗೆ ದೊಡ್ಡ ವೆಚ್ಚ ಬೇಕಿಲ್ಲ. ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಏನು ಮಾಡಬೇಕು, ಎಷ್ಟರೊಳಗೆ, ಎಲ್ಲಿ, ಮಾಡದಿದ್ದರೆ ಏನಾಗುತ್ತದೆ ಎಂಬುದು ಮೊದಲ ಸಾಲುಗಳಲ್ಲೇ ಇರಲಿ. ಪಿಂಚಣಿ ನಿಲ್ಲಿಸುವ ಮುನ್ನ ಸಂದೇಶ, ದೂರವಾಣಿ ಕರೆ, ಜಿಲ್ಲಾ ಸೈನಿಕ ಮಂಡಳಿ ಹೀಗೆ ಒಂದಕ್ಕಿಂತ ಹೆಚ್ಚು ದಾರಿಗಳಲ್ಲಿ ಎಚ್ಚರಿಕೆ ಹೋಗಲಿ. ದೂರನ್ನು ‘ಮುಕ್ತಾಯಗೊಳಿಸಲಾಗಿದೆ’ ಎಂದು ಗುರುತಿಸುವುದಕ್ಕೆ ಬದಲಾಗಿ, ಏನು ಪರಿಹಾರವಾಯಿತು ಎಂಬುದನ್ನು ತಿಳಿಸಲಿ.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆ. ಸೈನ್ಯದಲ್ಲಿ ದುಡಿದವರಿಗೆ ಹಿಂದಿ ಬರುತ್ತದೆ. ಆದರೆ ಅವರ ಕಾಲಾನಂತರ ಕುಟುಂಬ ಪಿಂಚಣಿ ಪಡೆಯುವ ಪತ್ನಿಗೆ, ಸೋಮವಾರಪೇಟೆಯಲ್ಲೋ ಖಾನಾಪುರದಲ್ಲೋ ಬಾಳಿದ ತಾಯಿಗೆ, ಹಿಂದಿಯೂ ಇಂಗ್ಲಿಷೂ ಪರಕೀಯವಾಗಿರಬಹುದು. ದೇಶಸೇವೆ ಮಾಡಿದವರ ಮನೆಗೆ ಹೋಗುವ ಸೂಚನೆ ಆ ಮನೆಯ ಭಾಷೆಯಲ್ಲಿ ಇರಬೇಕೆಂಬುದು ಅತಿಯಾದ ಬೇಡಿಕೆಯೇನಲ್ಲ.

ಕುಟುಂಬಗಳು ಗಮನಿಸಬೇಕಾದ ಅಂಶಗಳು

ಮನೆಯಲ್ಲಿ ರಕ್ಷಣಾ ಪಿಂಚಣಿದಾರರಿದ್ದರೆ ಈ ಕೆಲವು ಸಂಗತಿಗಳನ್ನು ಇಂದೇ ಪರಿಶೀಲಿಸುವುದು ಒಳಿತು.

ಮೊದಲನೆಯದಾಗಿ, ‘ಸ್ಪರ್ಶ್’ನಲ್ಲಿ ದಾಖಲಾಗಿರುವ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ನೋಡಬೇಕು. ಊರಿನಿಂದ ನಗರಕ್ಕೆ ಬಂದಾಗ ಹಳೆಯ ಸಂಖ್ಯೆಯನ್ನು ಬಿಟ್ಟಿದ್ದರೆ ಇಲಾಖೆಯ ಸಂದೇಶಗಳೆಲ್ಲ ಬೇರೆಲ್ಲಿಗೋ ಹೋಗುತ್ತಿರುತ್ತವೆ.

ಎರಡನೆಯದಾಗಿ, ಪಿಂಚಣಿ ಪಾವತಿ ಆದೇಶ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇವುಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇವೆಯೇ ಎಂಬುದನ್ನು ಹೋಲಿಸಬೇಕು. ಪತ್ನಿಯ ಹೆಸರು ಸೇವಾ ದಾಖಲೆಯಲ್ಲಿ ಸೇರದೇ ಇದ್ದರೆ, ಅಥವಾ ಮದುವೆಗೆ ಮುಂಚಿನ ಹೆಸರೇ ಉಳಿದಿದ್ದರೆ, ಯೋಧರು ಬದುಕಿರುವಾಗಲೇ ದಾಖಲೆ ಕಚೇರಿಯ ಮೂಲಕ ತಿದ್ದಿಸಿಕೊಳ್ಳುವುದು ಕ್ಷೇಮ. ಅವರು ತೀರಿಕೊಂಡ ಮೇಲೆ ಇದೇ ಕೆಲಸಕ್ಕೆ ಹಲವು ಪಟ್ಟು ಓಡಾಟ ಬೇಕಾಗುತ್ತದೆ.

ಮೂರನೆಯದಾಗಿ, ಜೀವಂತ ಪ್ರಮಾಣಪತ್ರ. 2014ರ ನವೆಂಬರಿನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಮೂಲಕ ಇದನ್ನು ದೇಶದ ಯಾವ ಊರಿನಿಂದಲೂ ಸಲ್ಲಿಸಬಹುದು. ಬೆರಳಚ್ಚು ಮಾಸಿಹೋದ ವೃದ್ಧರಿಗೆ ಅನುಕೂಲವಾಗುವಂತೆ 2021ರ ನವೆಂಬರಿನಿಂದ ಮುಖಚಹರೆಯ ಮೂಲಕ ಗುರುತಿಸುವ ಸೌಲಭ್ಯವೂ ಬಂದಿದೆ. ಸ್ಮಾರ್ಟ್‌ಫೋನ್ ಇದ್ದರೆ ಮನೆಯಲ್ಲೇ ಮುಗಿಸಬಹುದು. ಇಲ್ಲಿ ಒಂದು ಎಚ್ಚರಿಕೆ: ಖಾತೆ ‘ಸ್ಪರ್ಶ್’ಗೆ ವರ್ಗವಾಗಿದ್ದರೆ, ಪಿಂಚಣಿ ವಿತರಿಸುವ ಪ್ರಾಧಿಕಾರವನ್ನು ಆರಿಸುವಾಗ ಬ್ಯಾಂಕಿನ ಹೆಸರನ್ನಲ್ಲ, ‘ಸ್ಪರ್ಶ್’ ಎಂಬುದನ್ನೇ ಆರಿಸಬೇಕು. ತಪ್ಪು ಆಯ್ಕೆ ಮಾಡಿದರೆ ಪ್ರಮಾಣಪತ್ರ ಸಲ್ಲಿಸಿದ್ದೂ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ.

ಕೊನೆಯದಾಗಿ, ಪಿಂಚಣಿ ನಿಲ್ಲುತ್ತದೆಂದು ಹೆದರಿಸಿ ದೂರವಾಣಿಯಲ್ಲಿ ಒಟಿಪಿ ಅಥವಾ ಗುಪ್ತಪದ ಕೇಳುವವರನ್ನು ನಂಬಬಾರದು. ಅಧಿಕೃತ ಮಾಹಿತಿ ಅಸ್ಪಷ್ಟವಾಗಿರುವೆಡೆ ವಂಚಕರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಸಂದೇಹವಿದ್ದಲ್ಲಿ ತಾವು ನೆಲೆಸಿರುವ ಜಿಲ್ಲೆಯ ಸೈನಿಕ ಮಂಡಳಿಯನ್ನೋ ಹತ್ತಿರದ ಸೇವಾ ಕೇಂದ್ರವನ್ನೋ ಖುದ್ದಾಗಿ ವಿಚಾರಿಸಬೇಕು.

ಹೊರನಾಡಿನ ಕನ್ನಡ ಸಂಘಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವಿದೆ. ರಾಜ್ಯೋತ್ಸವದ ಸಡಗರದ ನವೆಂಬರ್ ತಿಂಗಳೇ ಬಹುತೇಕ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸುವ ತಿಂಗಳೂ ಹೌದು. ಸಂಘದ ಕಚೇರಿಯಲ್ಲಿ ಒಂದು ಭಾನುವಾರ ನಾಲ್ಕಾರು ಯುವಕ ಯುವತಿಯರು ಫೋನು ಹಿಡಿದು ಕುಳಿತರೆ ಹತ್ತಾರು ಹಿರಿಯರ ಕೆಲಸ ಮುಗಿಯುತ್ತದೆ. ಬಂದ ಸುತ್ತೋಲೆಯನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಸಿಕ್ಕರೆ ಅವರ ಆತಂಕವೂ ಅರ್ಧ ಇಳಿಯುತ್ತದೆ. ಇಲಾಖೆ ತನ್ನ ಸಂವಹನವನ್ನು ಉತ್ತಮಪಡಿಸಿಕೊಳ್ಳಲಿ ಎಂದು ಒತ್ತಾಯಿಸುವುದರ ಜೊತೆಗೆ, ನಮ್ಮ ಮನೆಯ ಹಿರಿಯರಿಗೆ ಬಂದ ಪತ್ರವನ್ನು ಬಿಡಿಸಿ ಓದುವ ಹೊಣೆಯನ್ನು ನಾವೂ ಹೊರೋಣ.